ಬ್ಯಾಟರಿ ಬಿಡಿ, ಬೀಗದ ಕೈ ಕೇಳಿ

ಪ್ರತಿ ಆಫೀಸಿನಲ್ಲೂ ಒಬ್ಬ ಇರ್ತಾನೆ. ನೀವು ಹೊಸ ಫೋನ್ ಕೊಂಡು ಮೂರು ದಿನ ಆಗಿರಲ್ಲ, ಡೆಸ್ಕಿನ ಹತ್ತಿರ ಬಂದು ಅದನ್ನು ಎತ್ತಿಕೊಂಡು, ಸೆಟ್ಟಿಂಗ್ಸ್ ಒಳಗೆ ಇಳಿದು, "ಇನ್ನೂ ಸ್ಟಾಕ್ ಕರ್ನಲ್ಲಾ?" ಅಂತ ಕೇಳ್ತಾನೆ. ಮದುವೆಮನೆಯಲ್ಲಿ ದೂರದ ನೆಂಟರು "ನಿಂದು ಯಾವಾಗಪ್ಪಾ?" ಅಂತಾರಲ್ಲ, ಅದೇ ಧಾಟಿ. ಕಸ್ಟಮ್ ಕರ್ನಲ್ ಹಾಕಿದ್ರೆ ಫೋನ್ ಬೆಣ್ಣೆ ಥರ ಜಾರುತ್ತೆ, ಬ್ಯಾಟರಿ ಎರಡು ದಿನ ಬರುತ್ತೆ ಅಂತ ಭರವಸೆ ಬೇರೆ.

ಅದೇ ಆಫೀಸಿನಲ್ಲಿ ಅವನಿಗೊಬ್ಬಳು ಎದುರಾಳಿಯೂ ಇರ್ತಾಳೆ. "ಫೋನ್ ಮಾಡಿದ ಕಂಪೆನಿಯಲ್ಲಿ ಅಷ್ಟೊಂದು ಇಂಜಿನಿಯರುಗಳು ಕೂತಿದ್ದಾರೆ. ಅವರಿಗೆ ಗೊತ್ತಿಲ್ಲದ್ದು ಯಾವುದೋ ಹಾಸ್ಟೆಲ್ ರೂಮಿನ ಹುಡುಗನಿಗೆ ಗೊತ್ತಿರುತ್ತಾ? ಬಂದಿದ್ದನ್ನ ಬಂದ ಹಾಗೇ ಬಳಸಿ" ಅನ್ನೋದು ಅವಳ ವಾದ.

ನನ್ನ ಜಗಳ ಇಬ್ಬರ ಜೊತೆಗೂ ಇದೆ. ಅವನು ಹೇಳುವ ಲಾಭ ಬಹುಪಾಲು ಅವನ ತಲೆಯೊಳಗಿದೆ. ಅವಳು ಇಟ್ಟಿರುವ ನಂಬಿಕೆಗೆ ಕಂಪೆನಿಗಳು ಯೋಗ್ಯವಾಗಿಲ್ಲ. ಇಬ್ಬರೂ ನುಣುಪು, ಬ್ಯಾಟರಿ ಅಂತ ವರ್ಷಗಟ್ಟಲೆ ಕಿತ್ತಾಡಿದ್ದರಿಂದ ಒಂದು ಮುಖ್ಯ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲೇ ಇಲ್ಲ. ದುಡ್ಡು ಕೊಟ್ಟು ತಂದ ಫೋನಿನ ಕರ್ನಲ್ ಬದಲಿಸುವ ಹಕ್ಕು ಯಾರದು? ಅಲ್ಲಿಗೆ ಬರ್ತೀನಿ. ಅದಕ್ಕೆ ಮೊದಲು ಬೆಣ್ಣೆಯ ಲೆಕ್ಕ ಮುಗಿಸೋಣ.

ಕರ್ನಲ್ ಅಂದ್ರೆ ಸೈನ್ಯದ ಕರ್ನಲ್ ಸಾಹೇಬರಲ್ಲ, ತಿರುಳು ಅಂತ ಅರ್ಥ. ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ 1991ರಲ್ಲಿ ಬರೆಯಲು ಶುರು ಮಾಡಿದ ಲಿನಕ್ಸ್ ಇವತ್ತು ಎಲ್ಲ ಆಂಡ್ರಾಯ್ಡ್ ಫೋನುಗಳ ತಿರುಳು. ನೀವು ನೋಡುವ ಐಕಾನು, ಮುಟ್ಟುವ ಆ್ಯಪು ಎಲ್ಲ ಮೇಲಿನ ಸಿಪ್ಪೆ. ಯಾವ ಕೆಲಸವನ್ನು ಪ್ರೊಸೆಸರಿನ ಯಾವ ಕೋರ್ ಮಾಡಬೇಕು, ಆ ಕೋರ್ ಎಷ್ಟು ವೇಗದಲ್ಲಿ ಓಡಬೇಕು, ಮೆಮೊರಿ ಯಾರಿಗೆ, ಸ್ಟೋರೇಜಿಗೆ ಬರೆಯುವ ಸರದಿ ಯಾರದು ಅಂತ ಒಳಗೆ ಕೂತು ತೀರ್ಮಾನಿಸೋದು ಕರ್ನಲ್. ಕಂಪೆನಿ ಕೊಟ್ಟಿದ್ದು ಸ್ಟಾಕ್. ಅದೇ ಮೂಲಕೋಡನ್ನು ಬೇರೆಯವರು ತಗೊಂಡು, ತಿದ್ದಿ, ಮತ್ತೆ ಕಟ್ಟಿ ಹಂಚಿದ್ದು ಕಸ್ಟಮ್.

ನುಣುಪು ಅನ್ನೋದು ಭಾವನೆಯ ವಿಷಯ ಅಂತ ತುಂಬ ಜನ ತಿಳಿದಿದ್ದಾರೆ. ಅದು ಗಡುವಿನ ವಿಷಯ. 60 ಹರ್ಟ್ಸ್ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. ಅಂದ್ರೆ ಒಂದು ಚಿತ್ರ ತಯಾರಾಗೋಕೆ ಸಿಗೋದು ಸುಮಾರು 16.7 ಮಿಲಿಸೆಕೆಂಡ್. 120 ಹರ್ಟ್ಸ್ ಪರದೆಯಾದ್ರೆ ಬರೀ 8.3. ಅಷ್ಟರಲ್ಲಿ ಚಿತ್ರ ಸಿದ್ಧವಾಗದಿದ್ರೆ ಹಿಂದಿನದ್ದೇ ಇನ್ನೊಂದು ಸಲ ಕಾಣುತ್ತೆ, ನಮ್ಮ ಕಣ್ಣಿಗೆ ಅದು ತಡವರಿಸಿದ ಹಾಗೆ ಅನಿಸುತ್ತೆ. ನೀವು ಬೆರಳಿಟ್ಟ ಕ್ಷಣ ಪ್ರೊಸೆಸರ್ ನಿದ್ದೆಯಿಂದ ಎದ್ದು ವೇಗ ಏರಿಸಿಕೊಳ್ಳಬೇಕು. ಎಷ್ಟು ಬೇಗ ಏರಬೇಕು, ಎಷ್ಟು ಹೊತ್ತು ಅಲ್ಲೇ ಇರಬೇಕು, ಯಾವಾಗ ಇಳಿಯಬೇಕು ಅಂತ ಹೇಳುವ ಕರ್ನಲ್ಲಿನ ಭಾಗಕ್ಕೆ ಗವರ್ನರ್ ಅಂತ ಹೆಸರು. ಕಸ್ಟಮ್ ಕರ್ನಲ್ ಮಂದಿ ಹತ್ತಾರು ಹೆಸರಿನ ಗವರ್ನರುಗಳನ್ನು ಮುಂದಿಟ್ಟುಕೊಂಡು ವರ್ಷಗಟ್ಟಲೆ ಚರ್ಚೆ ಮಾಡಿದ್ದು ಇದರ ಮೇಲೆಯೇ.

ಇಲ್ಲೊಂದು ಫಿಸಿಕ್ಸ್ ಇದೆ, ಅದನ್ನ ಯಾವ ಗವರ್ನರೂ ದಾಟೋಕಾಗಲ್ಲ. ಚಿಪ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ಅದರ ವೇಗದ ಜೊತೆ ಏರುತ್ತೆ, ವೋಲ್ಟೇಜಿನ ವರ್ಗದ ಜೊತೆಯೂ ಏರುತ್ತೆ. ವೇಗ ಹೆಚ್ಚಿಸಬೇಕಂದ್ರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಹೆಚ್ಚಿಸಬೇಕು. ವೋಲ್ಟೇಜ್ ಶೇಕಡಾ 20 ಏರಿದರೆ ಅದೇ ಕೆಲಸಕ್ಕೆ ಚಿಪ್ ತಿನ್ನುವ ಶಕ್ತಿ ಶೇಕಡಾ 44 ಏರುತ್ತೆ. 1.2 ಗುಣಿಸು 1.2, ಅಷ್ಟೇ ಲೆಕ್ಕ. ಹಾಗಂತ ಸದಾ ನಿಧಾನವಾಗಿ ಓಡಿಸೋದೇ ಉಳಿತಾಯ ಅಂತಲೂ ಅಲ್ಲ. ಬೇಗ ಕೆಲಸ ಮುಗಿಸಿ ಆಳವಾದ ನಿದ್ದೆಗೆ ಜಾರಿದರೆ ಸುತ್ತಲಿನ ಭಾಗಗಳೂ ಮಲಗುತ್ತವೆ, ಆ ಉಳಿತಾಯ ಬೇರೆ. ದರ್ಶಿನಿಯಲ್ಲಿ ದೋಸೆ ಭಟ್ಟರು ಗಿರಾಕಿ ಬಂದಾಗ ಉರಿ ಏರಿಸಿ, ಹೋದ ತಕ್ಷಣ ಇಳಿಸ್ತಾರಲ್ಲ, ಹಾಗೆ. ಉರಿ ಏರಿಸೋದು ತಡವಾದ್ರೆ ಗಿರಾಕಿ ಗೊಣಗ್ತಾನೆ, ಇಳಿಸೋದು ತಡವಾದ್ರೆ ಗ್ಯಾಸ್ ಖಾಲಿ. ಹಾಗಾಗಿ ನುಣುಪೂ ಜಾಸ್ತಿ, ಬ್ಯಾಟರಿಯೂ ಜಾಸ್ತಿ ಅಂತ ಯಾರಾದ್ರೂ ಹೇಳಿದ್ರೆ ಎರಡರಲ್ಲಿ ಒಂದು ನಿಜ ಇರಬೇಕು: ಒಂದೋ ಸ್ಟಾಕ್ ಕರ್ನಲ್ ಮೊದಲೇ ಕೆಟ್ಟದಾಗಿ ಹೊಂದಿಸಿದ್ದು, ಇಲ್ಲ ಹೇಳುವವರು ಏನು ಕಳೆದುಕೊಂಡೆವು ಅನ್ನೋದನ್ನ ಹೇಳ್ತಿಲ್ಲ.

ಮೊದಲನೆಯದು ಒಂದು ಕಾಲದಲ್ಲಿ ನಿಜವೇ ಆಗಿತ್ತು. 2011ರಿಂದ 2014ರ ಆಸುಪಾಸಿನ ಫೋನುಗಳನ್ನು ನೆನಪಿಸಿಕೊಳ್ಳಿ. ಆಗಿನ ಗವರ್ನರುಗಳು ಆಗಾಗ ಇಣುಕಿ "ಹೊರೆ ಎಷ್ಟಿದೆ?" ಅಂತ ಅಂದಾಜು ಮಾಡಿ ವೇಗ ಬದಲಿಸುತ್ತಿದ್ದವು. ಅಂದಾಜು ತಪ್ಪಿದರೆ ತಡವರಿಕೆ, ಇಲ್ಲವೇ ಬಿಸಿ. ಸೂಕ್ಷ್ಮ ಗೊತ್ತಿದ್ದ ಒಬ್ಬ ಹುಡುಗ ಕೂತು ಆ ಸಂಖ್ಯೆಗಳನ್ನು ತಿದ್ದಿದರೆ ವ್ಯತ್ಯಾಸ ಕಾಣುತ್ತಿತ್ತು. ಚಿಪ್ಪಿಗೆ ಕಂಪೆನಿ ಇಟ್ಟ ವೋಲ್ಟೇಜಿನಲ್ಲಿ ಸುರಕ್ಷತೆಗೆಂದು ಸ್ವಲ್ಪ ಜಾಸ್ತಿ ಇರುತ್ತೆ, ಅದನ್ನು ಕೊಂಚ ಇಳಿಸಿದರೆ ಬ್ಯಾಟರಿಯೂ ಉಳಿಯುತ್ತಿತ್ತು, ಆಗಾಗ ಫೋನ್ ತಾನಾಗಿ ರೀಬೂಟ್ ಆಗೋದನ್ನು ಸಹಿಸಿಕೊಂಡರೆ. ಫ್ರ್ಯಾಂಕೋ, ಎಲಿಮೆಂಟಲ್‌ಎಕ್ಸ್ ಥರದ ಕರ್ನಲ್ಲುಗಳಿಗೆ ಹೆಸರು ಬಂದಿದ್ದು ಸುಮ್ಮನೆ ಅಲ್ಲ.

ಆದರೆ ಕಾಲ ನಿಂತಿಲ್ಲ. 2016ರಲ್ಲಿ ಲಿನಕ್ಸ್ 4.7ರ ಜೊತೆ ಸ್ಕೆಡ್‌ಯುಟಿಲ್ ಎಂಬ ಗವರ್ನರ್ ಬಂತು. ಹೊರಗಿಂದ ಇಣುಕಿ ನೋಡುವ ಬದಲು, ಕೆಲಸ ಹಂಚುವ ಶೆಡ್ಯೂಲರನ್ನೇ ಕೇಳಿ ವೇಗ ನಿರ್ಧರಿಸುವ ವಿಧಾನ ಅದು. 2019ರಲ್ಲಿ ಲಿನಕ್ಸ್ 5.0ರ ಜೊತೆ, ದೊಡ್ಡ ಕೋರಿಗೂ ಚಿಕ್ಕ ಕೋರಿಗೂ ಎಷ್ಟೆಷ್ಟು ಶಕ್ತಿ ಬೇಕು ಅಂತ ಲೆಕ್ಕ ಹಾಕಿ ಕೆಲಸ ಹಂಚುವ ಎನರ್ಜಿ ಅವೇರ್ ಶೆಡ್ಯೂಲಿಂಗ್ ಮುಖ್ಯವಾಹಿನಿಗೆ ಸೇರಿತು. ಹಿಂದೆ ಹವ್ಯಾಸಿಗಳು ಕೈಯಲ್ಲಿ ತಿದ್ದುತ್ತಿದ್ದುದನ್ನು ಈಗ ಸ್ಟಾಕ್ ಕರ್ನಲ್ಲೇ ಬಹುಮಟ್ಟಿಗೆ ಮಾಡುತ್ತೆ. ಈಗಲೂ "ಹಾಕಿದ ತಕ್ಷಣ ಫೋನೇ ಬದಲಾಯ್ತು ಗುರು" ಅನ್ನೋರು ಹತ್ತು ವರ್ಷದ ಹಿಂದಿನ ಜಾತ್ರೆಯ ಕಥೆ ಹೇಳ್ತಿದ್ದಾರೆ.

ಈ "ಬದಲಾಯ್ತು" ಅನ್ನೋ ಮಾತಿನ ಬಗ್ಗೆ ಒಂದು ನಿಜವಾದ ಕಥೆ ಇದೆ. ಕಾನ್ ಕೊಲಿವಾಸ್ ಅಂತ ಆಸ್ಟ್ರೇಲಿಯಾದ ಒಬ್ಬ ಡಾಕ್ಟರು, ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಡುವವರು. ಬಿಡುವಿನಲ್ಲಿ ಲಿನಕ್ಸ್ ಕರ್ನಲ್ ತಿದ್ದೋದು ಹವ್ಯಾಸ. ದೊಡ್ಡ ಸರ್ವರುಗಳ ಚಿಂತೆಯಲ್ಲಿ ಮುಳುಗಿರುವ ಕರ್ನಲ್ ಮಂದಿಗೆ ಮನೆಯ ಕಂಪ್ಯೂಟರಿನ ನುಣುಪು ಕಾಣಿಸ್ತಿಲ್ಲ ಅನ್ನೋದು ಅವರ ತಕರಾರು. ಎಲ್ಲ ಕೆಲಸಗಳಿಗೂ ನ್ಯಾಯವಾಗಿ ಸಮಯ ಹಂಚುವ ಶೆಡ್ಯೂಲರ್ ಒಂದನ್ನು ಬರೆದರು. 2007ರಲ್ಲಿ ಮುಖ್ಯ ಲಿನಕ್ಸಿಗೆ ಸೇರಿದ್ದು ಮಾತ್ರ ಇಂಗೊ ಮೊಲ್ನಾರ್ ಬರೆದ ಸಿಎಫ್‌ಎಸ್. ನ್ಯಾಯದ ಹಂಚಿಕೆ ಸಾಧ್ಯ ಅಂತ ಕೊಲಿವಾಸ್ ತೋರಿಸಿದ್ದನ್ನು ಮೊಲ್ನಾರ್ ಒಪ್ಪಿಕೊಂಡೇ ಬರೆದರು. ಬೇಸರಗೊಂಡ ಡಾಕ್ಟರು ಕರ್ನಲ್ ಕೆಲಸ ಬಿಟ್ಟರು. 2009ರಲ್ಲಿ ಬಿಎಫ್‌ಎಸ್ ಅನ್ನೋ ಹೊಸ ಶೆಡ್ಯೂಲರ್ ಹಿಡಿದು ವಾಪಸ್ ಬಂದರು. ಆ ಹೆಸರನ್ನು ಇಲ್ಲಿ ಬಿಡಿಸಿ ಹೇಳುವಂತಿಲ್ಲ, ಅಷ್ಟು ಸಿಟ್ಟು ಇತ್ತು ಅಂತ ತಿಳಿದುಕೊಳ್ಳಿ.

ಆ ಬಿಎಫ್‌ಎಸ್ ಕಸ್ಟಮ್ ಕರ್ನಲ್ ಲೋಕದಲ್ಲಿ ಸ್ಟಾರ್ ಆಯ್ತು. ಗೂಗಲ್ ಕೂಡ ಆಂಡ್ರಾಯ್ಡಿನ ಒಂದು ಪ್ರಾಯೋಗಿಕ ಶಾಖೆಯಲ್ಲಿ ಅದನ್ನು ಸೇರಿಸಿ ನೋಡಿತು. ಆಮೇಲೆ ಬಳಸುವವರಿಗೆ ಯಾವ ಫೋನಿನಲ್ಲಿ ಯಾವುದಿದೆ ಅಂತ ಹೇಳದೆ ಪರೀಕ್ಷೆ ಮಾಡಿತು. ಅನುಭವ ಉತ್ತಮವಾಗಿದ್ದು ಕಾಣಲಿಲ್ಲ. 2010ರ ಫ್ರೋಯೋ ಬಿಡುಗಡೆಯಲ್ಲಿ ಬಿಎಫ್‌ಎಸ್ ಇರಲಿಲ್ಲ.

ಈ ಕಥೆಯಲ್ಲಿ ಎರಡು ಪಾಠ ಇವೆ, ಎರಡನೆಯದು ಆಮೇಲೆ. ಮೊದಲನೆಯದು: ಹೆಸರು ಮುಚ್ಚಿಟ್ಟ ತಕ್ಷಣ ಬೆಣ್ಣೆ ಕರಗುತ್ತೆ. ಇದನ್ನೇ ನಾನು ನನ್ನ ಸಹೋದ್ಯೋಗಿಯೊಬ್ಬನ ಜೊತೆ ಪಂಥ ಕಟ್ಟಿ ನೋಡಿದೆ. ಅವನದ್ದೊಂದು ಹಳೆ ಫೋನ್. ದಿನಾ ಸಂಜೆ ನಾನು ನಾಣ್ಯ ಚಿಮ್ಮಿ, ಸ್ಟಾಕೋ ಕಸ್ಟಮ್ಮೋ ಒಂದನ್ನು ಹಾಕಿ ಕೊಡೋದು. ಮಾರನೇ ದಿನ ಅವನು ಬಳಸಿ ನೋಡಿ ಯಾವುದು ಅಂತ ಹೇಳೋದು. ಕರ್ನಲ್ ಹೆಸರು ಕಾಣುವ ಪುಟ ನೋಡುವಂತಿಲ್ಲ, ಅಷ್ಟೇ ಷರತ್ತು. ಎರಡು ವಾರ ಆಟ ಆಡಿದ್ವಿ. ಅವನ ಉತ್ತರ ನನ್ನ ನಾಣ್ಯಕ್ಕಿಂತ ಹೆಚ್ಚು ಸರಿ ಇರಲಿಲ್ಲ. ಬ್ಯಾಟರಿಯದ್ದೂ ಅದೇ ಹಣೆಬರಹ. ಸ್ಟಾಕ್ ಹಾಕಿದ ಎರಡು ದಿನಗಳ ನಡುವೆ ಇದ್ದ ವ್ಯತ್ಯಾಸವೇ ಸ್ಟಾಕಿಗೂ ಕಸ್ಟಮ್ಮಿಗೂ ಇದ್ದ ವ್ಯತ್ಯಾಸಕ್ಕಿಂತ ದೊಡ್ಡದಿತ್ತು. ಒಂದು ದಿನ ಮೆಟ್ರೋದಲ್ಲಿ ಸಿಗ್ನಲ್ ಹುಡುಕುತ್ತಾ ಹೋಗಿದ್ದ, ಇನ್ನೊಂದು ದಿನ ಮನೆಯಿಂದಲೇ ಕೆಲಸ. ಅಷ್ಟು ಸಾಕಾಯ್ತು.

ಯಾಕಂದ್ರೆ ಫೋನಿನ ಬ್ಯಾಟರಿ ಕುಡಿಯುವ ದೊಡ್ಡ ಬಾಯಿಗಳು ಪರದೆ, ಮೊಬೈಲ್ ರೇಡಿಯೋ, ಮತ್ತೆ ಮತ್ತೆ ಎಬ್ಬಿಸುವ ಆ್ಯಪುಗಳು. ಗವರ್ನರ್ ಬದಲಿಸಿದ್ರೆ ಇವು ಬಾಯಿ ಮುಚ್ಚಲ್ಲ. ಊಟ ತರಿಸುವ ಆ್ಯಪ್ ಮಧ್ಯರಾತ್ರಿ ಎದ್ದು ಇಂಟರ್ನೆಟ್ಟಿಗೆ ಓಡುತ್ತಿದ್ರೆ, ತಪ್ಪು ಆ್ಯಪಿನದು. ಅದಕ್ಕೆ ಕರ್ನಲ್ ಬದಲಿಸೋದು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಆಂಡ್ರಾಯ್ಡಿನಲ್ಲಿ ಜನರಿಗೆ ನಿಜವಾಗಿ ಗೊತ್ತಾದ ಸುಧಾರಣೆಗಳನ್ನು ನೋಡಿ. 2012ರ ಪ್ರಾಜೆಕ್ಟ್ ಬಟರ್ ಚಿತ್ರ ತಯಾರಿಸುವ ಇಡೀ ಸಾಲನ್ನು ಪರದೆಯ ತಾಳಕ್ಕೆ ಕಟ್ಟಿತು. 2013ರ 4.3 ಆವೃತ್ತಿ, ಫೋನ್ ಸುಮ್ಮನಿದ್ದಾಗ ಸ್ಟೋರೇಜಿನಲ್ಲಿ ಅಳಿಸಿದ ಜಾಗವನ್ನು ಶುಚಿ ಮಾಡುವ ಟ್ರಿಮ್ ತಂದಿತು, ತಿಂಗಳು ಕಳೆದಂತೆ ಮಂಕಾಗುತ್ತಿದ್ದ ನೆಕ್ಸಸ್ 7 ಟ್ಯಾಬ್ಲೆಟ್ಟುಗಳಿಗೆ ಜೀವ ಬಂದಿದ್ದು ಅದರಿಂದ. 2015ರ ಡೋಜ್ ಮೇಜಿನ ಮೇಲಿಟ್ಟ ಫೋನನ್ನು ಎಬ್ಬಿಸುವ ಆ್ಯಪುಗಳಿಗೆ ಕಾಲಕಾಲಕ್ಕಷ್ಟೇ ಬಾಗಿಲು ತೆರೆಯಿತು. ಮೂರೂ ಬಂದಿದ್ದು ಸ್ಟಾಕ್ ಅಪ್‌ಡೇಟಿನಲ್ಲಿ.

ಇಷ್ಟು ಓದಿ ಆ ಎರಡನೆಯವಳು "ನಾನು ಹೇಳ್ಲಿಲ್ವಾ?" ಅಂತ ನಗ್ತಿರಬಹುದು. ತಡೀರಿ ಮೇಡಂ.

ಸ್ಟಾಕ್ ಅನ್ನೋದನ್ನ ಇಂಜಿನಿಯರುಗಳು ಬರೀತಾರೆ ನಿಜ, ಆದರೆ ಯಾರಿಗೋಸ್ಕರ ಅನ್ನೋದನ್ನೂ ನೋಡಬೇಕು. 2013ರಲ್ಲಿ ಆನಂದ್‌ಟೆಕ್ ಪತ್ರಿಕೆ ಸ್ಯಾಮ್‌ಸಂಗ್ ಗೆಲಾಕ್ಸಿ ಎಸ್4ನ ಒಂದು ಮಾದರಿಯನ್ನು ಅಳೆದು ನೋಡಿತು. ಕೆಲವು ಬೆಂಚ್‌ಮಾರ್ಕ್ ಆ್ಯಪುಗಳು ಓಡಿದಾಗ ಗ್ರಾಫಿಕ್ಸ್ ಚಿಪ್ 533 ಮೆಗಾಹರ್ಟ್ಸ್ ಮುಟ್ಟುತ್ತಿತ್ತು, ಆಟ ಆಡಿದಾಗ 480ಕ್ಕೆ ನಿಲ್ಲುತ್ತಿತ್ತು. ಪರೀಕ್ಷಕರು ಬಂದಾಗ ಮಾತ್ರ ಶಾಲೆಗೆ ಸುಣ್ಣ ಬಳಿದ ಹಾಗೆ. ಕಂಪೆನಿ ಅದಕ್ಕೊಂದು ಸಮಜಾಯಿಷಿಯನ್ನೂ ಕೊಟ್ಟಿತು ಅನ್ನಿ. 2021ರಲ್ಲಿ ಅದೇ ಪತ್ರಿಕೆ ಒನ್‌ಪ್ಲಸ್ 9 ಪ್ರೋ ಫೋನಿನಲ್ಲಿ ಜನಪ್ರಿಯ ಆ್ಯಪುಗಳಿಗೆ ಅತಿ ವೇಗದ ಕೋರ್ ಸಿಗದಂತೆ ಮಾಡಿರೋದನ್ನು ಕಂಡುಹಿಡಿಯಿತು. ಬಿಸಿ ಮತ್ತು ಬ್ಯಾಟರಿ ನೋಡಿಕೊಳ್ಳೋಕೆ ಹಾಗೆ ಮಾಡಿದ್ವಿ ಅಂತ ಕಂಪೆನಿ ಹೇಳಿತು. ಆಂಡ್ರಾಯ್ಡ್ ಆಚೆಗೂ ಇದೇ ಕಥೆ. ಬ್ಯಾಟರಿ ಹಳೆಯದಾದ ಐಫೋನುಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದನ್ನು ಆಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು, ಅದೂ ಹೊರಗಿನವರು ಅಳೆದು ತೋರಿಸಿದ ಮೇಲೆ.

ಈ ನಿರ್ಧಾರಗಳು ತಾಂತ್ರಿಕವಾಗಿ ತಪ್ಪು ಅಂತಲೇ ನಾನು ಹೇಳ್ತಿಲ್ಲ. ಹಳೆ ಬ್ಯಾಟರಿಯ ಫೋನ್ ಧಡಕ್ಕಂತ ಆಫ್ ಆಗೋದಕ್ಕಿಂತ ನಿಧಾನವಾಗಿ ಓಡೋದು ವಾಸಿ ಇರಬಹುದು. ಆ ಆಯ್ಕೆ ನನ್ನದಾಗಿರಬೇಕಿತ್ತು. ನುಣುಪು ಬೇಕೋ ಬಾಳಿಕೆ ಬೇಕೋ ಅಂತ ನನ್ನ ಪರವಾಗಿ ಬೇರೆ ಯಾರೋ ತೀರ್ಮಾನಿಸಿ, ಹೇಳದೆ ಇರೋದು ಇಂಜಿನಿಯರಿಂಗ್ ಅಲ್ಲ, ಯಜಮಾನಿಕೆ.

ಈಗ ಕಸ್ಟಮ್ ಕರ್ನಲ್ ನಿಜಕ್ಕೂ ಯಾವುದಕ್ಕೆ ಬೇಕು ಅನ್ನೋದಕ್ಕೆ ನನಗೆ ಅತ್ಯಂತ ಇಷ್ಟವಾದ ಉದಾಹರಣೆ. 2015ರಲ್ಲಿ ಬಂದ ನೆಕ್ಸಸ್ 5ಎಕ್ಸ್ ಮತ್ತು 6ಪಿ ಫೋನುಗಳಲ್ಲಿ ಹಲವು, ಒಂದೆರಡು ವರ್ಷ ಕಳೆದ ಮೇಲೆ ಇದ್ದಕ್ಕಿದ್ದಂತೆ ರೀಬೂಟ್ ಆಗುತ್ತಾ, ಲೋಗೋ ತೋರಿಸುತ್ತಾ, ಮತ್ತೆ ರೀಬೂಟ್ ಆಗುತ್ತಾ ಸತ್ತವು. ಹವ್ಯಾಸಿಗಳು ಕರ್ನಲ್ ಕೂತಿರುವ ಬೂಟ್ ಇಮೇಜನ್ನು ತಿದ್ದಿ, ದೊಡ್ಡ ಕೋರುಗಳನ್ನು ಪೂರ್ತಿ ಬಂದ್ ಮಾಡಿ, ನಾಲ್ಕು ಚಿಕ್ಕ ಕೋರುಗಳಲ್ಲೇ ಫೋನ್ ಎಬ್ಬಿಸುವ ದಾರಿ ಹುಡುಕಿದರು. ಅನೇಕ ಫೋನುಗಳು ಎದ್ದು ಕೂತವು. ಮೊದಲಿಗಿಂತ ನಿಧಾನ, ಬೆಣ್ಣೆಯಂತೂ ಅಲ್ಲವೇ ಅಲ್ಲ. ಆದರೆ ಸತ್ತಿದ್ದ ಫೋನ್ ವಾಪಸ್ ಸಿಕ್ಕಿದವರನ್ನು ಕೇಳಿ, ಆ ಕರ್ನಲ್ಲಿನ ಬೆಲೆ ಹೇಳ್ತಾರೆ.

ಅದಕ್ಕೊಂದು ಷರತ್ತಿತ್ತು. ಬೂಟ್‌ಲೋಡರಿನ ಬೀಗ ತೆಗೆಯಬೇಕಿತ್ತು. ಬೀಗ ತೆಗೆಯೋಕೆ ಒಪ್ಪಿಗೆ ಕೊಡುವ ಸ್ವಿಚ್ ಸೆಟ್ಟಿಂಗ್ಸ್ ಒಳಗಿತ್ತು, ಸೆಟ್ಟಿಂಗ್ಸಿಗೆ ಹೋಗಬೇಕಂದ್ರೆ ಫೋನ್ ಆನ್ ಆಗಬೇಕಿತ್ತು. ಮೊದಲೇ ಆ ಸ್ವಿಚ್ ಒತ್ತಿಟ್ಟಿರದವರಿಗೆ ದಾರಿ ಬಹುತೇಕ ಮುಚ್ಚಿಹೋಗಿತ್ತು. ಫೋನ್ ಅವರದ್ದು, ದುಡ್ಡು ಅವರದ್ದು, ಔಷಧಿಯೂ ಸಿದ್ಧ ಇತ್ತು. ಬಾಗಿಲು ಮಾತ್ರ ತೆರೆಯಲಿಲ್ಲ.

ಈಗ ಡಾಕ್ಟರ್ ಕೊಲಿವಾಸ್ ಕಥೆಯ ಎರಡನೇ ಪಾಠ. ಅವರ ಕೋಡು ಸೇರಲಿಲ್ಲ, ವಿಚಾರ ಸೇರಿತು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬ ಹೊರಗಿನವನ ವಿಚಾರ ಜಗತ್ತಿನ ಕೋಟ್ಯಂತರ ಯಂತ್ರಗಳ ತಿರುಳಿಗೆ ಇಳಿಯೋಕೆ ಸಾಧ್ಯವಾಗಿದ್ದು ಮೂಲಕೋಡು ಎಲ್ಲರ ಮುಂದೆ ತೆರೆದಿದ್ದಕ್ಕೆ. ಲಿನಕ್ಸ್ 1992ರಿಂದ ಜಿಪಿಎಲ್ ಎಂಬ ಪರವಾನಗಿಯ ಕೆಳಗಿದೆ. ಅದರ ಪ್ರಕಾರ, ಕರ್ನಲ್ ಇರುವ ಫೋನ್ ಮಾರಿದವರು ಆ ಕರ್ನಲ್ಲಿನ ಮೂಲಕೋಡನ್ನೂ ಕೊಡಬೇಕು. ಇದು ಔದಾರ್ಯದ ವಿಷಯ ಅಲ್ಲ, ಲಿನಕ್ಸ್ ಪುಕ್ಕಟೆ ಬಳಸಿದ್ದಕ್ಕೆ ಪ್ರತಿಯಾಗಿ ಒಪ್ಪಿಕೊಂಡ ಕರಾರು. ನಡೆಯೋದೇನು? ಫೋನ್ ಅಂಗಡಿಗೆ ಬಂದು ತಿಂಗಳುಗಟ್ಟಲೆ ಆದಮೇಲೆ ಕೋಡು ಬರುತ್ತೆ. ಬಂದದ್ದು ಕಟ್ಟೋಕೆ ಹೋದ್ರೆ ಅರ್ಧ ಫೈಲ್ ಇರಲ್ಲ. ಇಲ್ಲಾಂದ್ರೆ ಎರಡು ಅಪ್‌ಡೇಟ್ ಹಿಂದಿನದ್ದನ್ನು ಎಸೆದಿರ್ತಾರೆ. ನಮ್ಮ ಕಸ್ಟಮ್ ಹುಡುಗರು ಇದಕ್ಕೆ ಬೀದಿಗಿಳಿದು ಕೂಗಬೇಕಿತ್ತು. ಅವರು ಯಾವ ಗವರ್ನರ್ ಹಾಕಿದ್ರೆ ಪರದೆ ಆನ್ ಇರುವ ಹೊತ್ತು ಇನ್ನೊಂದು ಅರ್ಧ ಗಂಟೆ ಜಾಸ್ತಿ ಬರುತ್ತೆ ಅಂತ ಸ್ಕ್ರೀನ್‌ಶಾಟ್ ಹಂಚಿಕೊಳ್ತಾ ಕೂತರು.

ಅರ್ಧ ಗಂಟೆ ಬ್ಯಾಟರಿಗಿಂತ ದೊಡ್ಡ ವಿಷಯ ಯಾಕೆ ಅಂತೀರಾ? ನನ್ನ ಅಮ್ಮನ ಫೋನ್ ನೋಡಿ. ಶಿವಮೊಗ್ಗದಲ್ಲಿದ್ದಾರೆ. ತರಕಾರಿಯಿಂದ ಹಿಡಿದು ಗ್ಯಾಸ್ ಬುಕಿಂಗ್ ತನಕ ಎಲ್ಲದಕ್ಕೂ ಯುಪಿಐ. ಪೆನ್ಶನ್ ಬಂತಾ ಅಂತ ನೋಡೋದೂ ಅದರಲ್ಲೇ. ಫೋನ್ ಗಟ್ಟಿಮುಟ್ಟಾಗಿದೆ, ಬ್ಯಾಟರಿ ನಾನೇ ಬದಲಿಸಿ ಕೊಟ್ಟೆ, ಪರದೆಗೆ ಒಂದು ಗೀರೂ ಇಲ್ಲ. ಆದರೆ ಅದನ್ನು ಮಾಡಿದ ಕಂಪೆನಿ ಸೆಕ್ಯುರಿಟಿ ಅಪ್‌ಡೇಟ್ ಕೊಡೋದು ನಿಲ್ಲಿಸಿ ಎರಡು ವರ್ಷ ಆಯ್ತು. ಬೂಟ್‌ಲೋಡರ್ ತೆರೆಯೋಕೂ ಬಿಡಲ್ಲ. ಒಳಗಿನ ಕರ್ನಲ್ ಅಂದಿನಿಂದ ಒಂದಕ್ಷರ ಬದಲಾಗಿಲ್ಲ.

ಬದಲಾಗದ ಕರ್ನಲ್ ಅಂದ್ರೆ ಏನು ಅಂತ ತಿಳಿಯೋಕೆ ಡರ್ಟಿ ಕೌ ನೆನಪಿಸಿಕೊಳ್ಳಿ. 2007ರಿಂದ ಲಿನಕ್ಸ್ ಕರ್ನಲ್ಲಿನೊಳಗೆ ಕೂತಿದ್ದ ತೂತು ಅದು, ಬೆಳಕಿಗೆ ಬಂದಿದ್ದು 2016ರ ಅಕ್ಟೋಬರಿನಲ್ಲಿ. ಅದನ್ನು ಬಳಸಿದರೆ ಒಂದು ಸಾಮಾನ್ಯ ಆ್ಯಪ್ ಇಡೀ ಯಂತ್ರದ ಯಜಮಾನನಾಗಬಹುದಿತ್ತು. ಮುಖ್ಯ ಲಿನಕ್ಸಿನಲ್ಲಿ ತೂತು ಮುಚ್ಚಿದರು. ಆದರೆ ಆ ತೇಪೆ ಫೋನಿಗೆ ತಲುಪಬೇಕಂದ್ರೆ ಚಿಪ್ ಕಂಪೆನಿ, ಫೋನ್ ಕಂಪೆನಿ ಎಲ್ಲರ ಕೈ ದಾಟಿ ಬರಬೇಕು. ಅಪ್‌ಡೇಟ್ ನಿಂತುಹೋದ ಫೋನಿಗೆ ಅದು ಬರೋದೇ ಇಲ್ಲ. ತೂತು ಹುಡುಕುವವರಂತೂ ನಿಲ್ಲಿಸಿಲ್ಲ.

ಇನ್ನು ತಮಾಷೆ ಕೇಳಿ. ಬೂಟ್‌ಲೋಡರ್ ತೆರೆದು, ತಿಂಗಳು ತಿಂಗಳು ತೇಪೆ ಹಾಕಿದ ಕರ್ನಲ್ ಇರುವ ಫೋನನ್ನು ಕಂಡರೆ ಹಲವು ಬ್ಯಾಂಕ್ ಆ್ಯಪುಗಳು "ಈ ಸಾಧನ ಸುರಕ್ಷಿತವಲ್ಲ" ಅಂತ ಮುಖ ತಿರುಗಿಸುತ್ತವೆ. ಎರಡು ವರ್ಷದಿಂದ ತೇಪೆ ಕಾಣದ ಅಮ್ಮನ ಫೋನಿನಲ್ಲಿ ಅದೇ ಆ್ಯಪು ನಗುನಗುತ್ತಾ ತೆರೆಯುತ್ತೆ. ಬೀಗ ಹಾಕಿದೆಯಾ ಅಂತ ನೋಡ್ತಾರೆ, ಗೋಡೆ ಬಿದ್ದಿದೆಯಾ ಅಂತ ನೋಡಲ್ಲ. ಇದಕ್ಕೆ ಸುರಕ್ಷತೆ ಅಂತ ಹೆಸರಿಟ್ಟಿದ್ದಾರೆ.

ಇದಕ್ಕೆ ಬರುವ ಉತ್ತರ ನನಗೂ ಗೊತ್ತು. ಬೀಗ ತೆರೆದ ಫೋನ್ ಕಳ್ಳನ ಕೈಗೆ ಸಿಕ್ಕರೆ ಅವನೂ ತನಗೆ ಬೇಕಾದ ಕರ್ನಲ್ ಹಾಕಬಹುದು. ಯಾರೋ ಕಟ್ಟಿ ಹಂಚಿದ ಕರ್ನಲ್ಲಿನೊಳಗೆ ಏನಿದೆ ಅಂತ ನಿಮಗೆ ಗೊತ್ತಿರಲ್ಲ. ಎರಡೂ ನಿಜವಾದ ಭಯಗಳೇ, ನಾನು ತಳ್ಳಿಹಾಕಲ್ಲ. ಅಮ್ಮನಿಗೆ ಬೀಗ ತೆರೆದ ಫೋನ್ ಕೊಡೋಕೆ ನನಗೂ ಧೈರ್ಯ ಇಲ್ಲ. ಆದರೆ ಆಯ್ಕೆ ಇರೋದು ತೆರೆದ ಬಾಗಿಲು ಇಲ್ಲವೇ ಕಂಪೆನಿಯ ಬೀಗ, ಎರಡೇ ಅಂತ ಯಾರು ಹೇಳಿದ್ದು? ಗೂಗಲ್ಲಿನ ಪಿಕ್ಸೆಲ್ ಫೋನುಗಳಲ್ಲಿ ಬೂಟ್‌ಲೋಡರ್ ತೆರೆದು, ಬೇರೆ ಸಿಸ್ಟಮ್ ಹಾಕಿ, ನಮ್ಮದೇ ಕೀಲಿಯಿಂದ ಮತ್ತೆ ಬೀಗ ಹಾಕಬಹುದು. ತಂತ್ರಜ್ಞಾನ ಇದೆ. ಬೇರೆ ಕಂಪೆನಿಗಳಲ್ಲಿ ಬಹುಪಾಲಿಗೆ ಮನಸ್ಸಿಲ್ಲ. ಮನಸ್ಸು ಬರೋದಾದ್ರೂ ಯಾಕೆ? ಚೆನ್ನಾಗಿರುವ ಫೋನ್ ಇನ್ನೂ ನಾಲ್ಕು ವರ್ಷ ಬಂದರೆ ಹೊಸದನ್ನು ಕೊಳ್ಳೋರು ಯಾರು?

ಪರಿಸ್ಥಿತಿ ಸುಧಾರಿಸಿಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಆಂಡ್ರಾಯ್ಡ್ 12 ಮತ್ತು 5.10 ಕರ್ನಲ್ ಜೊತೆ ಹುಟ್ಟಿದ ಫೋನುಗಳಿಂದ ಶುರುವಾಗಿ, ಕರ್ನಲ್ಲಿನ ಮುಖ್ಯ ಭಾಗ ಎಲ್ಲರಿಗೂ ಒಂದೇ, ಚಿಪ್ ಕಂಪೆನಿಯ ಡ್ರೈವರುಗಳು ಪಕ್ಕದಲ್ಲಿ ಬೇರೆ ಅನ್ನುವ ವ್ಯವಸ್ಥೆ ಬಂದಿದೆ. ಪಿಕ್ಸೆಲ್ 8 ಮತ್ತು ಗೆಲಾಕ್ಸಿ ಎಸ್24ರಿಂದ ಏಳು ವರ್ಷ ಅಪ್‌ಡೇಟ್ ಕೊಡ್ತೀವಿ ಅಂತ ಮಾತು ಕೊಟ್ಟಿದ್ದಾರೆ. ನೆದರ್‌ಲ್ಯಾಂಡ್ಸಿನ ಪುಟ್ಟ ಕಂಪೆನಿ ಫೇರ್‌ಫೋನ್, 2015ರಲ್ಲಿ ಮಾರಿದ ತನ್ನ ಎರಡನೇ ಫೋನಿಗೆ 2023ರ ತನಕ ಅಪ್‌ಡೇಟ್ ಕೊಟ್ಟು ತೋರಿಸಿತು. ಸಣ್ಣವರಿಗೆ ಆಗಿದ್ದು ದೊಡ್ಡವರಿಗೆ ಆಗಲ್ವಾ? ಆದರೆ ಈ ಏಳು ವರ್ಷದ ಭಾಗ್ಯ ಮುಖ್ಯವಾಗಿ ದುಬಾರಿ ಫೋನುಗಳದ್ದು. ನಮ್ಮ ಅಪ್ಪ ಅಮ್ಮ, ಮನೆಗೆಲಸದವರು, ಡೆಲಿವರಿ ಹುಡುಗರು ಹಿಡಿದಿರುವ ಹನ್ನೆರಡು ಸಾವಿರದ ಫೋನಿಗೆ ಅಷ್ಟು ಆಯಸ್ಸು ಬರೆದಿಲ್ಲ. ಇನ್ನೊಂದು ಕಡೆ, ಹಿಂದೆ ಆರು ವರ್ಷ ನೋಡಿಕೊಳ್ಳುತ್ತಿದ್ದ ದೀರ್ಘಾವಧಿ ಲಿನಕ್ಸ್ ಕರ್ನಲ್ಲುಗಳ ಆರೈಕೆಯನ್ನು ಎರಡು ವರ್ಷಕ್ಕೆ ಇಳಿಸ್ತೀವಿ ಅಂತ 2023ರಲ್ಲಿ ಹೇಳಿದರು. ಆರೈಕೆ ಮಾಡುವವರು ಕೆಲವೇ ಜನ, ಬಸವಳಿದಿದ್ದಾರೆ. ಅವರನ್ನು ಬೈಯುವಂತಿಲ್ಲ. ಆ ಕೋಡಿನ ಮೇಲೆ ಸಾವಿರಾರು ಕೋಟಿ ದುಡಿಯುವವರನ್ನು ಬೈಯಬಹುದು.

ಹಾಗಾಗಿ ಗೆಳೆಯರೇ, ಜಗಳ ಆಡೋದಾದ್ರೆ ಸರಿಯಾದ ಜಗಳ ಆಡೋಣ. ಮುಂದಿನ ಸಲ ಫೋನ್ ಕೊಳ್ಳುವಾಗ ಕ್ಯಾಮೆರಾಗೆ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ. ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡ್ತೀರಿ? ಕರ್ನಲ್ ಮೂಲಕೋಡು ಫೋನಿನ ಜೊತೆಗೇ ಸಿಗುತ್ತಾ? ನೀವು ಕೈ ಬಿಟ್ಟ ದಿನ ಬೂಟ್‌ಲೋಡರಿನ ಕೀಲಿ ನನಗೆ ಕೊಡ್ತೀರಾ? ಅಂಗಡಿಯ ಹುಡುಗ ಕಣ್ ಕಣ್ ಬಿಡ್ತಾನೆ, ಬಿಡಲಿ. ನಿಮ್ಮಲ್ಲೇ ಎಷ್ಟೋ ಜನ ಬೆಂಗಳೂರಿನಲ್ಲಿ ಕೂತು ಇದೇ ಚಿಪ್ಪುಗಳಿಗೆ, ಇದೇ ಫೋನುಗಳಿಗೆ ಕೋಡು ಬರೀತೀರಿ. ನಿಮ್ಮ ಮೀಟಿಂಗಿನಲ್ಲಿ ಈ ಪ್ರಶ್ನೆ ಒಂದು ಸಲ ಎತ್ತಿ. ನಿಮ್ಮ ಅಮ್ಮನ ಕೈಯಲ್ಲೂ ಒಂದು ಫೋನ್ ಇದೆ.

ಕಸ್ಟಮ್ ಕರ್ನಲ್ ಹುಡುಗನಿಗೆ ಒಂದು ಮಾತು: ನೀನು ಕಲಿತ ವಿದ್ಯೆ ದೊಡ್ಡದು, ಅದನ್ನು ಅರ್ಧ ಗಂಟೆ ಬ್ಯಾಟರಿಗೆ ಮಾರಬೇಡ. ಕೈಬಿಟ್ಟ ಫೋನುಗಳಿಗೆ ತೇಪೆ ಹಾಕು, ಊರೇ ನಿನ್ನ ಹೆಸರು ಹೇಳುತ್ತೆ. ಸ್ಟಾಕ್ ಮೇಡಂಗೂ ಒಂದು ಮಾತು: ಬಂದಿದ್ದನ್ನ ಬಂದ ಹಾಗೇ ಬಳಸಿ, ನಾನೂ ಹಾಗೇ ಬಳಸ್ತೀನಿ. ಆದರೆ ಬಳಸೋದು ಬೇರೆ, ಬಳಸೋದು ಬಿಟ್ಟರೆ ಗತಿಯಿಲ್ಲದೆ ಇರೋದು ಬೇರೆ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯೋಕೂ ಓನರ್ ಒಪ್ಪಿಗೆ ಬೇಕು, ಅದು ನಮಗೆಲ್ಲ ಗೊತ್ತಿರೋದೇ. ಫೋನಿಗೆ ನಾವು ಬಾಡಿಗೆ ಕಟ್ಟಿಲ್ಲ, ಪೂರ್ತಿ ದುಡ್ಡು ಕೊಟ್ಟಿದ್ದೀವಿ.